ಮನೆಯಲ್ಲಿ ಹಣವಿಟ್ಟು ಆಡುವ ಇಸ್ಪೀಟಾಟವನ್ನು ಕುರಿತು
ಕಳೆದ ತಿಂಗಳಿನ ಕೂಟದಲ್ಲಿ ಕಳಸದ ಕಡೆಯ ಯೌವನಸ್ಥನೊಬ್ಬನು ಎದ್ದು, “ಉಪದೇಶಿಗಳೇ, ಪೇಟೆಯ ಜೂಜಿನ ಅಡ್ಡೆಗೆ ಹೋಗಬಾರದೆಂದು ನೀವು ಹೇಳುವದನ್ನು ನಾವು ಒಪ್ಪುತ್ತೇವೆ. ಆದರೆ ನಮ್ಮ ನಮ್ಮೊಳಗೆ, ಒಂದು ಮನೆಯಲ್ಲಿ ಕೂತು, ಇಷ್ಟೇ ಹಣವೆಂದು ಮೊದಲೇ ಗೊತ್ತುಮಾಡಿಕೊಂಡು, ಮಳೆಗಾಲದಲ್ಲಿ ಒಂದು ರಾತ್ರಿ ಇಸ್ಪೀಟು ಆಡಿದರೆ ಯಾರಿಗೇನು ಕೇಡು?” ಎಂದು ಕೇಳಿದನು. “ಜೂಜು ಎಲ್ಲಿ ಆಡಿದರೂ ಜೂಜೇ” ಎಂದು ಹೇಳಿ ನಾನು ಕೂತುಕೊಂಡೆನು. ಅದು ಬಾಯಿ ಮುಚ್ಚಿಸುವ ಮಾತಾಗಿತ್ತೇ ಹೊರತು ಉತ್ತರವಾಗಿರಲಿಲ್ಲ. ಅಂಥಾ ಒಂದು ಆಟದಲ್ಲಿ ನಾನೇ ಕೂತಿದ್ದೆನೆಂಬದು ಆ ಹುಡುಗನಿಗೆ ತಿಳಿಯದು. ಕೂಟದಲ್ಲಿದ್ದ ಇಬ್ಬರಿಗೆ ತಿಳಿದಿತ್ತು. ಅವರು ನೆಲವನ್ನು ನೋಡುತ್ತಿದ್ದರು. ಆದದರಿಂದ ಈ ತಿಂಗಳಿನ ಪಾಠವನ್ನು ಆ ಪ್ರಶ್ನೆಗೆ ಉತ್ತರವಾಗಿ ಬರೆಯುತ್ತೇನೆ.

ನಮ್ಮ ಸೀಮೆಯ ಮಳೆಗಾಲವು ಹ್ಯಾಗಿರುತ್ತದೆಂದು ವಾಚಕರಿಗೆ ಹೇಳಬೇಕಾದದ್ದಿಲ್ಲ. ಆರಿದ್ರಾ ಮಳೆ ಹಿಡಿಯಿತೆಂದರೆ ಆಶ್ಲೇಷಾ ಮುಗಿಯುವ ವರೆಗೆ ತೋಟದ ಕೆಲಸವು ಅಷ್ಟಕ್ಕಷ್ಟೇ. ಮರ ಬಿದ್ದು ತಂತಿ ಹರಿದರೆ ದಿವಸಗಟ್ಟಲೆ ದೀಪವಿಲ್ಲ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆಯು ಭದ್ರೆಯ ನೀರಿನಲ್ಲಿ ಮುಳುಗಿ, ಜನರು ಆಚೆಗೂ ಈಚೆಗೂ ಸಿಕ್ಕಿಕೊಂಡ ಮಳೆಗಾಲಗಳು ಎಷ್ಟೋ. ಅಂಥಾ ಕಾಲದಲ್ಲಿ ನಾಲ್ಕು ಮಂದಿ ಒಲೆಯ ಬಳಿಯಲ್ಲಿ ಕೂತು ಇಪ್ಪತ್ತೆಂಟನ್ನೋ ರಮ್ಮಿಯನ್ನೋ ಆಡಿ ಹೊತ್ತು ಕಳೆದರೆ ಅದರಲ್ಲಿ ನನಗೆ ತಪ್ಪು ಕಾಣುವದಿಲ್ಲ. ಐವತ್ತೆರಡು ಎಲೆಗಳೊಳಗೆ ಸೈತಾನನು ಅಡಗಿದ್ದಾನೆಂದು ಹೇಳುತ್ತಿದ್ದ ಹಿರಿಯರಿದ್ದರು. ಎಕ್ಕ, ರಾಜ, ರಾಣಿ, ಗುಲಾಮ, ಇವೆಲ್ಲಾ ಬಣ್ಣ ಹಚ್ಚಿದ ಕಾಗದವಷ್ಟೆ. ಪ್ರಶ್ನೆ ಇರುವದು ಕಾಗದದ ಮಧ್ಯದಲ್ಲಿ ಇಡುವ ಹಣವನ್ನು ಕುರಿತು.

ನಾನು ಆಡಿದ್ದು ನಮ್ಮವರಿಗೆ ಹಳೇ ಪರಿಚಯವಿರುವ ಮೂರೆಲೆಯ ಆಟವಲ್ಲ, ಪೋಕರು ಎಂಬ ಆಟ. ಎರಡು ವರುಷಗಳ ಹಿಂದೆ, ಪುಷ್ಯ ಮಳೆಯ ಒಂದು ಶನಿವಾರ, ಮೂಡಿಗೆರೆಯ ಕಡೆಯ ಒಂದು ತೋಟದ ರೈಟರ ಮನೆಯಲ್ಲಿ ಅದು ನಡೆಯಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಸೋದರಳಿಯನು ರಜೆಗೆ ಬಂದವನು ಆಟವನ್ನು ಕಲಿಸಿದನು. ಪ್ರತಿಯೊಬ್ಬನಿಗೆ ಎರಡು ಎಲೆಗಳನ್ನು ಮುಚ್ಚಿ ಹಾಕುತ್ತಾರೆ. ನಡುವೆ ಐದು ಎಲೆಗಳನ್ನು ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು ಎಂಬಂತೆ ಬಿಚ್ಚುತ್ತಾರೆ. ಈ ಏಳರಲ್ಲಿ ಒಳ್ಳೇ ಐದನ್ನು ಕೂಡಿಸಿಕೊಂಡವನು ಗೆದ್ದನು. ನಡುನಡುವೆ ನಾಲ್ಕು ಸಾರಿ ಪಣ ಕಟ್ಟುವದುಂಟು. ಎದುರಿನವನ ಪಣಕ್ಕೆ ಸರಿಯಾಗಿ ಕಟ್ಟಬೇಕು, ಇಲ್ಲವೆ ಎಲೆಯನ್ನು ಬಿಟ್ಟುಕೊಡಬೇಕು. ಕೈಯಲ್ಲಿ ಏನೂ ಇಲ್ಲದವನು ಎಲ್ಲಾ ಇದ್ದವನ ಹಾಗೆ ಕಟ್ಟಿ ಎದುರಿನವನನ್ನು ಹೆದರಿಸಿ ಎಬ್ಬಿಸುವದೂ ಆಟದ ಒಂದು ಭಾಗವೇ.

ನಾವು ಒಂಭತ್ತು ಮಂದಿ ಕಂಬಳಿಯ ಸುತ್ತ ಕೂತೆವು. ಒಬ್ಬೊಬ್ಬನು 300 ರೂಪಾಯಿ ಕೊಟ್ಟನು. ಹಣವು ಒಂದು ಡಬ್ಬಿಗೆ ಹೋಯಿತು. ಅದಕ್ಕೆ ಬದಲಾಗಿ ನಮಗೆ ಕಾಪಿ ಬೀಜಗಳನ್ನೂ ಅಡಿಕೆಗಳನ್ನೂ ಎಣಿಸಿ ಕೊಟ್ಟರು. ಬೀಜಕ್ಕೆ ಹತ್ತು, ಅಡಿಕೆಗೆ ನೂರು ಎಂದು ಲೆಕ್ಕ. ಬೀಜವೂ ಅಡಿಕೆಯೂ ಮುಗಿದವನು ಎದ್ದುಹೋಗಬೇಕು. ಕೊನೆಗೆ ಉಳಿದವನಿಗೆ ಡಬ್ಬಿಯ ಹಣದಲ್ಲಿ ಮೂರರಲ್ಲಿ ಎರಡು ಪಾಲು, ಅವನ ಮುಂಚೆ ಎದ್ದವನಿಗೆ ಒಂದು ಪಾಲು. ನಾನು ಎರಡನೆಯವನಾದೆನು. ಆಟವು ನನಗೆ ಬಹಳ ಹಿಡಿಸಿತೆಂಬದನ್ನು ಮುಚ್ಚಿಡುವದಿಲ್ಲ. ಹೊರಗೆ ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು, ಲಾಟೀನಿನ ಬೆಳಕು, ಬೆಲ್ಲದ ಕಾಪಿ, ಒಳ್ಳೇ ನಗು. ಆ ರಾತ್ರಿ ಅಲ್ಲಿ ಒಂದು ಕೆಟ್ಟ ಮಾತು ಹುಟ್ಟಲಿಲ್ಲ. ಇಂಥಾ ಆಟವನ್ನು ಬರೀ ಕುಡುಕರ ಕೆಲಸವೆಂದು ಉಪದೇಶ ಮಾಡುವವರ ಮಾತನ್ನು ನಮ್ಮ ಹುಡುಗರು ನಂಬದೆ ಇರುವದು ಇದಕ್ಕಾಗಿಯೇ.

“ಇಷ್ಟೇ ಹಣವೆಂದು ಗೊತ್ತುಮಾಡಿಕೊಂಡರೆ” ಎಂಬ ಮಾತನ್ನು ಮೊದಲು ನೋಡೋಣ. ನಮ್ಮ ಆಟಕ್ಕೂ ಮೇರೆ ಇತ್ತು. ಆದರೆ ಮೊದಲನೇ ಗಂಟೆಯೊಳಗೆ ಸೋತು ಎದ್ದವನು ಬೇಕಾದರೆ ಮತ್ತೆ 300 ಕೊಟ್ಟು ಕೂತುಕೊಳ್ಳಬಹುದೆಂದು ಒಂದು ನಿಯಮ ಸೇರಿತ್ತು. ಬೇಗನೆ ಎದ್ದವನಿಗೆ ಬೇಸರವಾಗದಿರಲಿ ಎಂಬ ಒಳ್ಳೇ ಮನಸ್ಸಿನಿಂದಲೇ ಹಾಗೆ ಮಾಡಿದ್ದರು. ಒಬ್ಬನು ಒಂದು ಸಾರಿ ಮತ್ತೆ ಕೂತನು. ಇನ್ನೊಬ್ಬನು ಎರಡು ಸಾರಿ ಮತ್ತೆ ಕೂತನು; ಅವನು ನಮ್ಮ ಸಭೆಯವನೇ, ತೋಟದಲ್ಲಿ ಕೂಲಿ ಮಾಡುವವನು, ಅಂದು ಸಾಯಂಕಾಲವೇ ಬಟವಾಡೆ ಆಗಿತ್ತು. ಯಕ್ಷಗಾನದಲ್ಲಿ ಧರ್ಮರಾಯನ ಕಥೆಯನ್ನು ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಅವನು ಒಂದು ಸಾರಿ ಎಲ್ಲವನ್ನೂ ಸೋತನು. ದ್ರೌಪದಿಯ ನಿಮಿತ್ತವಾಗಿ ಎಲ್ಲವೂ ತಿರಿಗಿ ಸಿಕ್ಕಿತು. ಕಾಡಿಗೆ ಹೋದದ್ದು ಎರಡನೇ ಸಾರಿ ಆಡಲು ಕೂತದ್ದರಿಂದ. ಹಣಕ್ಕೆ ಮೇರೆಯನ್ನು ಹಾಕುವದು ಸುಲಭ. ಸೋತು ಎದ್ದ ಮನುಷ್ಯನು ಮನೆಗೆ ಹೋಗುವದಕ್ಕೆ ಮುಂಚೆ ಬಾಗಲಲ್ಲಿ ನಿಲ್ಲುವ ಆ ಒಂದು ನಿಮಿಷಕ್ಕೆ ಮೇರೆ ಹಾಕುವವರು ಯಾರು?

ಎರಡನೆಯದಾಗಿ, ಇದು ಬುದ್ಧಿಯ ಆಟ, ಜೂಜಲ್ಲ ಎಂದು ಹೇಳುವವರಿದ್ದಾರೆ. ಇದರಲ್ಲಿ ಸತ್ಯವಿದೆ, ಆದರೆ ಎಷ್ಟೆಂದು ಲೆಕ್ಕ ಹಾಕಿ ತಿಳಿಯಬೇಕು. ಮೂರೆಲೆಯ ಆಟದಲ್ಲಿ 52 ಎಲೆಗಳಿಂದ ಬರಬಹುದಾದ ಕೈಗಳು 22,100. ಅವುಗಳಲ್ಲಿ 16,440 ಕೈಗಳಲ್ಲಿ ಜೋಡಿಯೂ ಇಲ್ಲ, ವರಸೆಯೂ ಇಲ್ಲ, ಒಂದೇ ಬಣ್ಣವೂ ಇಲ್ಲ. ಅಂದರೆ ನಾಲ್ಕು ಸಾರಿ ಎಲೆ ಹಾಕಿದರೆ ಸುಮಾರು ಮೂರು ಸಾರಿ ಬರುವದು ಬರೀ ಕೈ. ಮೂರೂ ಒಂದೇ ಬಗೆಯಾಗಿ ಬೀಳುವದು 425 ರಲ್ಲಿ ಒಂದು ಸಾರಿ. 1968 ರಲ್ಲಿ ಸುಪ್ರೀಮ್ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕುಶಲತೆಯ ಆಟವೆಂದೂ ಮೂರೆಲೆಯನ್ನು ಬರೀ ಅದೃಷ್ಟದ ಆಟವೆಂದೂ ಬೇರ್ಪಡಿಸಿ ಹೇಳಿತು. ಪೋಕರಿನ ವಿಷಯದಲ್ಲಿ ನ್ಯಾಯಸ್ಥಾನಗಳೊಳಗೇ ಒಮ್ಮತವಿರಲಿಲ್ಲ. ಅದನ್ನು ಕುಶಲತೆಯ ಆಟವಾಗಿ ಆಡುವದಕ್ಕೆ ಪೋಲೀಸು ಪರವಾನಗಿ ಬೇಡವೆಂದು 2013 ರಲ್ಲಿ ಕರ್ನಾಟಕದ ಹೈಕೋರ್ಟು ಹೇಳಿತು. ಗುಜರಾತಿನ ಹೈಕೋರ್ಟು 2017 ರಲ್ಲಿ ಅದನ್ನು ಅದೃಷ್ಟದ ಆಟವೆಂದಿತು. ಮೊಬೈಲಿನಲ್ಲಿ ಹಣವಿಟ್ಟು ಆಡುವ ಆಟಗಳನ್ನಾದರೋ, ಕುಶಲತೆಯಿರಲಿ ಅದೃಷ್ಟವಿರಲಿ, 2025 ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆಯಿಂದ ನಿಷೇಧಿಸಿತು. ಮನೆಯ ಆಟದಲ್ಲಿ ಮನೆಯವನು ಸ್ಥಳಕ್ಕೆಂದು ಪಾಲು ಹಿಡಿದು ಲಾಭ ಮಾಡಿಕೊಂಡರೆ, 1963 ರ ಕರ್ನಾಟಕ ಪೋಲೀಸು ಕಾಯಿದೆಯ ಪ್ರಕಾರ ಆ ಮನೆಯು ಜೂಜಿನ ಮನೆಯೆನಿಸಿಕೊಳ್ಳಬಹುದೆಂಬದನ್ನೂ ನಮ್ಮವರು ತಿಳಿದಿರಬೇಕು. ನಮ್ಮ ರೈಟರು ಏನೂ ತೆಗೆದುಕೊಳ್ಳಲಿಲ್ಲ, ಕಾಪಿಯೂ ಅವರದೇ.

ಪೋಕರಿನಲ್ಲಿ ಕುಶಲತೆ ಇರುವದು ನಿಜ. ಆದರೆ ಅದು ಫಲ ಕೊಡುವದಕ್ಕೆ ಬಹಳ ಆಟಗಳು ಬೇಕು. ಮೊದಲು ಬರುವ ಎರಡು ಎಲೆಗಳು 1,326 ವಿಧವಾಗಿ ಕೂಡಬಹುದು. ಜೋಡಿ ಬರುವದು 17 ರಲ್ಲಿ ಒಂದು ಸಾರಿ, ಎಕ್ಕದ ಜೋಡಿ 221 ರಲ್ಲಿ ಒಂದು ಸಾರಿ. ಒಂದು ರಾತ್ರಿಯಲ್ಲಿ ನಾವು ಸುಮಾರು ಎಪ್ಪತ್ತು ಸಾರಿ ಎಲೆ ಹಾಕಿರಬಹುದು. ಅಷ್ಟರಲ್ಲಿ ಒಬ್ಬನಿಗೆ ನಾಲ್ಕು ಜೋಡಿ ಬಂದರೆ ಹೆಚ್ಚು ಕಡಿಮೆ ಸರಿಪಾಲು ಬಂದ ಹಾಗೆ. ಇದಲ್ಲದೆ, ಆಟವು ಬೇಗ ಮುಗಿಯಲೆಂದು ಎಲೆ ನೋಡುವ ಮುಂಚೆಯೇ ಸರದಿಯ ಪ್ರಕಾರ ಇಬ್ಬರು ಕಡ್ಡಾಯವಾಗಿ ಇಡತಕ್ಕ ಪಣವನ್ನು ಇಪ್ಪತ್ತು ನಿಮಿಷಕ್ಕೊಂದು ಸಾರಿ ಹೆಚ್ಚಿಸುತ್ತಾ ಹೋದರು. ಹತ್ತು ಗಂಟೆಯ ಮೇಲೆ ತಾಳ್ಮೆಯಿಂದ ಒಳ್ಳೇ ಎಲೆಗೆ ಕಾಯೋಣವೆಂದರೆ, ಕಾಯುವದರಲ್ಲಿಯೇ ಅಡಿಕೆಗಳು ಕರಗಿಹೋಗುತ್ತಿದ್ದವು. ನಾನು ಎರಡನೆಯವನಾದದ್ದು ಬುದ್ಧಿಯಿಂದಲ್ಲ. ಒಂದು ಸಾರಿ ರಾಜನ ಜೋಡಿ ಬಂತು, ಆಗಲೇ ಎದುರಿನವನಿಗೆ ರಾಣಿಯ ಜೋಡಿ ಬಂದಿತ್ತು, ಅಷ್ಟೇ. ಆ ಎದುರಿನವನು ಯಾರೆಂದು ಹೇಳಬೇಕಾಗಿಲ್ಲವಷ್ಟೆ.

ಇನ್ನು ಕೆಲವರು, “ನಮ್ಮ ಬೇಸಾಯವೇ ಜೂಜಲ್ಲವೇ? ಹೂಮಳೆ ಬಂದರೆ ಕಾಪಿ, ಬಾರದಿದ್ದರೆ ಇಲ್ಲ” ಎನ್ನುತ್ತಾರೆ. ಈ ಮಾತನ್ನು ಹಗುರವಾಗಿ ತಳ್ಳಿಬಿಡಬಾರದು. ಮಾರ್ಚಿಯಲ್ಲಿಯೋ ಏಪ್ರಿಲಿನಲ್ಲಿಯೋ ಒಂದು ಇಂಚು ಮಳೆಗಾಗಿ ಆಕಾಶವನ್ನು ನೋಡಿ ಕೂತವನಿಗೆ ಅದೃಷ್ಟದ ರುಚಿ ಗೊತ್ತು. 1975 ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಕಾಪಿ ಗಿಡಗಳು ಸುಟ್ಟುಹೋದಾಗ ಲೋಕದಲ್ಲೆಲ್ಲಾ ಕಾಪಿಯ ಬೆಲೆ ಏರಿತು. ಅಲ್ಲಿಯವರ ನಷ್ಟದಿಂದ ಬೇರೆ ಕಡೆಯ ಬೆಳೆಗಾರರಿಗೆ ಲಾಭವಾಯಿತೆಂಬದನ್ನು ಅಲ್ಲಗಳೆಯಲಾಗದು. ಆದರೂ ವ್ಯತ್ಯಾಸವುಂಟು. ಹಣ್ಣು ಕೊಯಿದು ಕಣದಲ್ಲಿ ಒಣಗಿಸಿದರೆ ಮುಂಚೆ ಲೋಕದಲ್ಲಿ ಇಲ್ಲದ ಒಂದು ಮೂಟೆ ಕಾಪಿ ಈಗ ಇದೆ. ಯಾರೋ ಅದನ್ನು ಕುಡಿಯುತ್ತಾರೆ. ನನ್ನ ಗಿಡ ಫಲಿಸುವದಕ್ಕೆ ನೆರೆಯವನ ಗಿಡ ಒಣಗಬೇಕಾಗಿಲ್ಲ. ನಮ್ಮ ಡಬ್ಬಿಯಲ್ಲಾದರೋ ಒಂಭತ್ತು ಮಂದಿಯ 2,700, ಮತ್ತೆ ಕೂತವರ 900, ಒಟ್ಟು 3,600 ರೂಪಾಯಿ ಇತ್ತು. ಬೆಳಗಾಗುವ ವರೆಗೆ ಆಡಿದರೂ ಅದು 3,600 ಆಗಿಯೇ ಇರುತ್ತಿತ್ತು. ನನಗೆ 1,200 ಬಂತು. ನಾನು ಇಟ್ಟ 300 ಕಳೆದರೆ ಲಾಭ 900. ಎರಡು ಸಾರಿ ಮತ್ತೆ ಕೂತ ಆ ಸಹೋದರನು ಕಳಕೊಂಡದ್ದೂ ಸರಿಯಾಗಿ 900. ಈ ಲೆಕ್ಕವು ಆ ರಾತ್ರಿ ನನಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಅವನ ಹೆಂಡತಿಯು ಕೊಪ್ಪೆ ಹೊದ್ದುಕೊಂಡು ನಮ್ಮ ಬಾಗಲಿಗೆ ಬಂದಳು. “ಅಯ್ಯನವರೇ, ಮಗಳಿಗೆ ಜ್ವರ ಬಿಡಲಿಲ್ಲ. ಮೂಡಿಗೆರೆಗೆ ಕರಕೊಂಡು ಹೋಗಬೇಕು. ಬಟವಾಡೆ ಹಣ ಈ ಸಾರಿ ಹ್ಯಾಗೋ ಮುಗಿದುಹೋಯಿತು ಅನ್ನುತ್ತಾರೆ ಇವರು. ಶನಿವಾರದ ವರೆಗೆ ಐನೂರು ಕೊಟ್ಟರೆ ಉಪಕಾರ” ಎಂದಳು. ನಾನು ಒಳಗೆ ಹೋಗಿ ಪೆಟ್ಟಿಗೆಯನ್ನು ತೆರೆದೆನು. ಮೇಲೆಯೇ ಇತ್ತು ಆ ಹಣ. ಕೊಟ್ಟೆನು. ಅವಳು ಎರಡು ಕೈಗಳಿಂದ ತೆಗೆದುಕೊಂಡು, ನಮ್ಮ ಮಕ್ಕಳು ಚೆನ್ನಾಗಿರಲಿ ಎಂದು ಹರಸಿ ಹೋದಳು. ಶನಿವಾರ ಮಾತಿಗೆ ತಪ್ಪದೆ ಐನೂರನ್ನು ತಂದಳು. ಅದರ ಸಂಗಡ ಸಣ್ಣಗೆ ಹೆಚ್ಚಿದ ಕಳಲೆಯನ್ನೂ ತಂದಳು. ಬೇಡವೆನ್ನಬೇಕಾದರೆ ಯಾಕೆಂದು ಹೇಳಬೇಕಾಗಿತ್ತು. ಹೇಳುವ ಧೈರ್ಯ ಸಾಲದೆ ತೆಗೆದುಕೊಂಡೆನು. ಆ ಮನೆಯವರು ಅದೇ ಹಣವನ್ನು ನನಗೆ ಎರಡು ಸಾರಿ ಕೊಟ್ಟ ಹಾಗಾಯಿತು.

ಮರುದಿವಸ ಆರಾಧನೆ ಮುಗಿದ ಮೇಲೆ ಅವನನ್ನು ಕರೆದು 900 ರೂಪಾಯಿಯನ್ನು ಮುಂದಿಟ್ಟೆನು. ಅವನ ಮುಖ ಕೆಂಪಾಯಿತು. “ಆಟ ಅಂದರೆ ಆಟ, ಉಪದೇಶಿಗಳೇ. ನಾನು ಗೆದ್ದಿದ್ದರೆ ನಿಮಗೆ ತಂದು ಕೊಡುತ್ತಿದ್ದೆನೇ? ಭಿಕ್ಷೆ ಬೇಡ. ಅವಳಿಗೆ ಮಾತ್ರ ಹೇಳಬೇಡಿ” ಎಂದನು. ಅವನ ಮಾತು ನ್ಯಾಯವೇ. ಆಟದ ಧರ್ಮದ ಪ್ರಕಾರ ಆ ಹಣವು ನನ್ನದು. ಅದನ್ನು ನನ್ನದೆಂದು ಇಟ್ಟುಕೊಳ್ಳಲಾರದೆ ಹೋದದ್ದೇ ನನ್ನ ಕಷ್ಟ.

ಶಿಷ್ಯರು ಚೀಟು ಹಾಕಿ ಮತ್ತೀಯನನ್ನು ಆರಿಸಿಕೊಂಡರಲ್ಲಾ, ಯೆಹೋಶುವನು ಚೀಟಿನಿಂದ ದೇಶವನ್ನು ಹಂಚಿದನಲ್ಲಾ ಎಂದು ಯಾರಾದರೂ ಕೇಳಬಹುದು. ಯೆಹೋಶುವನ ಚೀಟು ಬಿದ್ದಾಗ ಪ್ರತಿ ಕುಲಕ್ಕೂ ತನ್ನ ತನ್ನ ಪಾಲು ಸಿಕ್ಕಿತು. ಒಬ್ಬರ ಪಾಲನ್ನು ಇನ್ನೊಬ್ಬರು ಹೊತ್ತುಕೊಂಡು ಹೋಗಲಿಲ್ಲ. ಶಿಲುಬೆಯ ಕೆಳಗೆ ಸಿಪಾಯಿಗಳು ಹಾಕಿದ ಚೀಟು ಬೇರೆ ತರದ್ದು. ನಮ್ಮ ಡಬ್ಬಿಯು ಎರಡರಲ್ಲಿ ಯಾವದಕ್ಕೆ ಸಮೀಪವೆಂಬದನ್ನು ಕಳಸದ ಆ ಯೌವನಸ್ಥನೇ ಯೋಚಿಸಲಿ.

ರೈಟರ ಮನೆಯಲ್ಲಿ ಈಗಲೂ ಮಳೆಗಾಲದಲ್ಲಿ ಆಟ ನಡೆಯುತ್ತದೆ, ನಾನೂ ಹೋಗುತ್ತೇನೆ. ಡಬ್ಬಿ ಇಲ್ಲ. ಬೀಜಕ್ಕೆ ಹತ್ತು, ಅಡಿಕೆಗೆ ನೂರು ಎಂದೇ ಕೂಗುತ್ತೇವೆ, ಮುಗಿದ ಮೇಲೆ ಬೀಜವು ಚೀಲಕ್ಕೂ ಅಡಿಕೆಯು ಎಲೆಪೆಟ್ಟಿಗೆಗೂ ಹೋಗುತ್ತದೆ. ಆ ಬೆಂಗಳೂರಿನ ಹುಡುಗನಿಗೆ ಇದು ಸಪ್ಪೆಯಾಯಿತು. ಹಣವಿಲ್ಲದಿದ್ದರೆ ಜನರು ಹ್ಯಾಗೆ ಬೇಕಾದರೂ ಕಟ್ಟುತ್ತಾರೆ, ಆಟವೇ ಆಗುವದಿಲ್ಲ ಎಂದನು. ಅವನು ಹೇಳಿದ್ದು ಅರ್ಧ ನಿಜ. ಕೈಯಲ್ಲಿ ಏನೂ ಇಲ್ಲದೆ ಹೆದರಿಸುವವನಿಗೆ ಈಗ ಯಾರೂ ಹೆದರುವದಿಲ್ಲ. ಆ ಸಹೋದರನು ಸಂಗತಿಯನ್ನು ತನ್ನ ಹೆಂಡತಿಗೆ ತಾನೇ ಹೇಳಿದ್ದಾನೆ. ಹೆಸರಿಲ್ಲದೆ ಬರೆಯುವದಾದರೆ ಬರೆಯಿರಿ ಎಂದು ಇಬ್ಬರೂ ಒಪ್ಪಿಗೆ ಕೊಟ್ಟ ಮೇಲೆಯೇ ಇದನ್ನು ಬರೆದಿದ್ದೇನೆ.

ಆ 900 ರೂಪಾಯಿ ಒಂದು ಲಕೋಟೆಯಲ್ಲಿ ನನ್ನ ಬಳಿ ಹಾಗೆಯೇ ಇದೆ. ಅವನು ತೆಗೆದುಕೊಳ್ಳುವದಿಲ್ಲ, ಅವಳು ಎರಡನೇ ಸಾರಿ ಕೇಳಿದರೂ ಬೇಡವೆಂದಳು. ಕಾಣಿಕೆಯ ಚೀಲಕ್ಕೆ ಹಾಕೋಣವೆಂದರೆ, ಯೂದನು ಎಸೆದುಹೋದ ಬೆಳ್ಳಿಯನ್ನು ಯಾಜಕರು ಸಹ ಬೊಕ್ಕಸಕ್ಕೆ ಸೇರಿಸಲಿಲ್ಲವೆಂಬದು ನೆನಪಿಗೆ ಬರುತ್ತದೆ. ಮುಂದಿನ ಕೂಟದಲ್ಲಿ ಲಕೋಟೆಯನ್ನು ತಂದು ಮೇಜಿನ ಮೇಲೆ ಇಡುತ್ತೇನೆ. ಏನು ಮಾಡಬೇಕೆಂದು ಸಭೆಯ ಹಿರಿಯರೂ, ಮುಖ್ಯವಾಗಿ ಸ್ತ್ರೀಯರೂ, ಯೋಚಿಸಿಕೊಂಡು ಬರಬೇಕೆಂದು ಕೇಳಿಕೊಳ್ಳುತ್ತೇನೆ.