ಡೀಸೆಲ್ ಕಾರಿನ ಫಿಲ್ಟರ್ ಹೌಸಿಂಗ್ ಬದಲಿಸುವ ಕ್ರಮ

ಮಿಡಿಗೇಶಿ ಸುತ್ತಮುತ್ತಲ ಸಣ್ಣ ಬೆಳೆಗಾರರಲ್ಲಿ ಹಲವರು ಹಳೆಯ ಡೀಸೆಲ್ ಕಾರು ಇಟ್ಟುಕೊಂಡಿದ್ದೇವೆ. ಮಧುಗಿರಿಯ ಆಸ್ಪತ್ರೆಗೂ ತುಮಕೂರಿನ ಅಡಿಕೆ ಮಾರುಕಟ್ಟೆಗೂ ಅದೇ ಆಧಾರ. ಮಾರುತಿ ಕಂಪನಿ 2020ರ ಏಪ್ರಿಲ್‌ನಲ್ಲೇ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು. ಆದುದರಿಂದ ನಮ್ಮಲ್ಲಿರುವ ಇಂಥ ಕಾರುಗಳಿಗೆ ವಯಸ್ಸಾಗುತ್ತಿದೆ. ವಯಸ್ಸಾದಂತೆ ತೊಂದರೆ ಕೊಡುವ ಭಾಗಗಳಲ್ಲಿ ಡೀಸೆಲ್ ಫಿಲ್ಟರನ್ನು ಹೊತ್ತಿರುವ ಕವಚವೂ ಒಂದು. ಇದಕ್ಕೆ ಫಿಲ್ಟರ್ ಹೌಸಿಂಗ್ ಎನ್ನುತ್ತಾರೆ.

ರೋಗದ ಲಕ್ಷಣ: ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಬಹಳ ಹೊತ್ತು ಸ್ಟಾರ್ಟ್ ಆಗದೆ, ಒಮ್ಮೆ ಹತ್ತಿಕೊಂಡ ಮೇಲೆ ದಿನವೆಲ್ಲ ಸರಿಯಾಗಿ ಓಡಿದರೆ, ಬ್ಯಾಟರಿಗೆ ಹಣ ಹಾಕುವ ಮುನ್ನ ಹೌಸಿಂಗನ್ನು ನೋಡಬೇಕು. ಎಂಜಿನ್ನಿನ ಪಂಪು ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುವ ಕಾರುಗಳಲ್ಲಿ, ಸಣ್ಣ ಬಿರುಕಿದ್ದರೂ ಹನಿ ಹೊರಗೆ ಬೀಳದಿರಬಹುದು. ಬದಲಿಗೆ ಗಾಳಿ ಒಳಗೆ ಸೇರುತ್ತದೆ. ಟ್ಯಾಂಕಿನೊಳಗಿನ ಪಂಪು ಡೀಸೆಲನ್ನು ತಳ್ಳುವ ಕಾರುಗಳಲ್ಲಾದರೆ ಹೊರಗೇ ಒಸರುತ್ತದೆ. ಮೊದಲು ಓ ರಿಂಗ್, ನೀರು ಬಿಡುವ ತಿರುಪು, ಕೊಳವೆಯ ಕ್ಲಿಪ್ಪುಗಳನ್ನು ಪರೀಕ್ಷಿಸಿ. ಕವಚವೇ ಸೀಳಿದ್ದರೆ ಅಥವಾ ತಿರುಪಿನ ಮರೆ ಸವೆದಿದ್ದರೆ ಅಂಟು ಹಚ್ಚಿ ಪ್ರಯೋಜನವಿಲ್ಲ, ಹೌಸಿಂಗನ್ನೇ ಬದಲಿಸಬೇಕು.

ಬದಲಿಸುವ ಕ್ರಮ:

1. ಎಂಜಿನ್ ಪೂರ್ಣ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಬೀಡಿ, ಒಲೆ ಹತ್ತಿರ ಬೇಡ.

2. ಹೌಸಿಂಗ್ ಸುತ್ತಲಿನ ಧೂಳನ್ನು ಮೊದಲೇ ಒರೆಸಿ. ಒಳಗೆ ಹೋದ ಮಣ್ಣಿನ ಕಣ ಇಂಜೆಕ್ಟರಿಗೆ ಶತ್ರು.

3. ಡೀಸೆಲ್ ಬರುವ, ಹೋಗುವ ಕೊಳವೆಗಳಿಗೆ ಗುರುತು ಕಟ್ಟಿ. ಸೆನ್ಸರ್ ಪ್ಲಗ್ಗನ್ನೂ, ಕೊಳವೆಯ ಕ್ಲಿಪ್ಪನ್ನೂ ಒತ್ತಿ ಬಿಡಿಸಿ; ಸ್ಕ್ರೂಡ್ರೈವರಿನಿಂದ ಮೀಟಬೇಡಿ. ತೆರೆದ ಬಾಯಿಗಳಿಗೆ ಶುದ್ಧ ಪ್ಲಾಸ್ಟಿಕ್ ಕಟ್ಟಿ.

4. ಹಳೆಯ ಹೌಸಿಂಗಿನ ಭಾಗಸಂಖ್ಯೆಗೆ ಸರಿಹೊಂದುವ ಹೊಸದನ್ನೇ ತನ್ನಿ. ಹೊಸ ಫಿಲ್ಟರನ್ನೂ ಕೂರಿಸಿ. ಹೊಸ ಓ ರಿಂಗಿಗೆ ಶುದ್ಧ ಡೀಸೆಲ್ ಸವರಿ. ಪ್ಲಾಸ್ಟಿಕ್ ಕವಚ ಕಬ್ಬಿಣವಲ್ಲ. ಅತಿಯಾಗಿ ಬಿಗಿದರೆ ಹೊಸದೂ ಸೀಳುತ್ತದೆ.

5. ಬ್ಯಾಟರಿ ತಂತಿ ಜೋಡಿಸಿ ಗಾಳಿ ತೆಗೆಯಿರಿ. ಕೈಪಂಪು ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ. ಟ್ಯಾಂಕಿನಲ್ಲಿ ವಿದ್ಯುತ್ ಪಂಪು ಇದ್ದರೆ, ಸ್ಟಾರ್ಟ್ ಮಾಡದೆ ಕೀಲಿಯನ್ನು ಕೆಲವು ಸಲ ಆನ್ ಮಾಡಿ ಆಫ್ ಮಾಡಿ. ಬಳಿಕ ಸ್ಟಾರ್ಟರನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುನಡುವೆ ಬಿಡುವು ಕೊಡಿ.

ಇಲ್ಲೊಂದು ಮಾತನ್ನು ಸದಸ್ಯರು ಮರೆಯಬಾರದು. ಪಂಪ್‌ಸೆಟ್, ಟಿಲ್ಲರ್‌ಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಗಾಳಿ ಬಿಡುವುದು ನಮಗೆ ರೂಢಿ. ಆ ರೂಢಿಯನ್ನು ಕಾರಿಗೆ ತರಕೂಡದು. ಸುಮಾರು 20 ವರ್ಷಗಳಿಂದೀಚೆಗೆ ಬಂದ ಹೆಚ್ಚಿನ ಡೀಸೆಲ್ ಕಾರುಗಳು ಕಾಮನ್ ರೈಲ್ ಪದ್ಧತಿಯವು. ಅವುಗಳ ಪೈಪಿನಲ್ಲಿ ಒತ್ತಡ 1000 ಬಾರ್ ಮೀರುತ್ತದೆ. ಅಲ್ಲಿಂದ ಚಿಮ್ಮುವ ಡೀಸೆಲ್ ಸೂಜಿಯಂತೆ ಚರ್ಮವನ್ನು ಹೊಕ್ಕುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಒಳಗೆ ಮಾಂಸ ಕೊಳೆತು ಬೆರಳು, ಕೈ ಕಳೆದುಕೊಳ್ಳುವ ಅಪಾಯವುಂಟು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಎಂಜಿನ್ ಓಡುತ್ತಿರುವಾಗ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬೇಡಿ. ದೂರದಿಂದ ರಟ್ಟಿನ ತುಂಡು ಹಿಡಿದು ನೋಡಿ.

ಕಡೆಯದಾಗಿ, ತೋಟದ ಕ್ಯಾನಿನ ಡೀಸೆಲ್ ವಿಚಾರ. ನೀರು ಡೀಸೆಲಿಗಿಂತ ಭಾರ. ಕ್ಯಾನಿನ ತಳದಲ್ಲಿ ನಿಲ್ಲುತ್ತದೆ. ಕಾರಿನ ಪಂಪಿಗೆ ಡೀಸೆಲೇ ಎಣ್ಣೆಯಾದ್ದರಿಂದ ನೀರು ಸೇರಿದರೆ ಪಂಪು ಸವೆಯುತ್ತದೆ, ತುಕ್ಕು ಹಿಡಿಯುತ್ತದೆ. ತಳದ ಡೀಸೆಲನ್ನು ಕಾರಿಗೆ ಸುರಿಯದೆ, ಫಿಲ್ಟರಿನ ನೀರನ್ನು ಕಾರಿನ ಕೈಪಿಡಿಯಲ್ಲಿ ಹೇಳಿದಂತೆ ಬಿಡಿ. ಬಿಟ್ಟ ಡೀಸೆಲನ್ನು ಬಾವಿಯ ಬಳಿ, ಅಡಿಕೆಯ ಬುಡಕ್ಕೆ ಚೆಲ್ಲದಿರಿ. ಹೌಸಿಂಗ್ ಬದಲಿಸುವ ಕೆಲಸ ನಮ್ಮ ಕೈಲಾಗುವಂಥದು. ಅದರಿಂದ ಮುಂದಿನ ಹೆಚ್ಚೊತ್ತಡದ ಪೈಪು ಮಾತ್ರ ಬಲ್ಲ ಮೆಕ್ಯಾನಿಕರ ಪಾಲಿಗಿರಲಿ.