ಬ್ರಹ್ಮಾವರದಿಂದ ಬೈಂದೂರಿಗೆ ಮರ ಎಷ್ಟು ಆಳ?

ಬೈನರಿ ಟ್ರೀಯ ಆಳ ಎಂದರೆ ರೂಟ್‌ನಿಂದ ಅತಿ ದೂರದ ಲೀಫ್‌ವರೆಗಿನ ದಾರಿಯಲ್ಲಿ ಸಿಗುವ ನೋಡ್‌ಗಳ ಸಂಖ್ಯೆ. ಕೆಲವು ಪುಸ್ತಕಗಳು ನೋಡ್ ಬದಲು ನಡುವಿನ ಗೆರೆಗಳನ್ನು ಎಣಿಸುತ್ತವೆ, ಆಗ ಉತ್ತರ ಒಂದು ಕಡಿಮೆ. ವೈವಾಗೆ ಹೋಗುವ ಮೊದಲು ನಿಮ್ಮ ಸರ್ ಯಾವುದನ್ನು ಎಣಿಸ್ತಾರೆ ಅಂತ ಕೇಳಿಟ್ಟುಕೊಳ್ಳಿ ಮಾರಾಯ್ರೆ.

ಈಗ ನಮ್ಮೂರ ಬಸ್ಸನ್ನೇ ಹತ್ತೋಣ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣದಿಂದ ಉತ್ತರಕ್ಕೆ ಬ್ರಹ್ಮಾವರ, ಸಾಲಿಗ್ರಾಮ, ತೆಕ್ಕಟ್ಟೆ, ಕುಂದಾಪುರ, ತ್ರಾಸಿ, ಮರವಂತೆ, ಬೈಂದೂರು. ಇವಕ್ಕೆ 1ರಿಂದ 7ರ ತನಕ ನಂಬರ್ ಕೊಟ್ಟು ಬೈನರಿ ಸರ್ಚ್ ಟ್ರೀಗೆ ಹಾಕಿ: ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ.

ಬಸ್ ಹೋದ ಕ್ರಮದಲ್ಲೇ ಹಾಕಿದರೆ ಪ್ರತಿ ಊರೂ ಹಿಂದಿನದರ ಬಲಕ್ಕೇ ನೇತುಬೀಳುತ್ತದೆ. ಆಳ 7. ಕುಂದಾಪುರವನ್ನು ಮೊದಲು ಹಾಕಿ, ಆಮೇಲೆ ಸಾಲಿಗ್ರಾಮ, ಮರವಂತೆ, ಕೊನೆಗೆ ಉಳಿದ ನಾಲ್ಕನ್ನು ಹಾಕಿ. ಅದೇ ಏಳು ಊರು, ಆಳ ಬರೀ 3!

ಆಳ ಹುಡುಕುವ ರಿಕರ್ಷನ್ ಎರಡೇ ಸಾಲು:

ಆಳ(ನೋಡ್):
  ನೋಡ್ ಖಾಲಿ ಇದ್ದರೆ 0 ಕೊಡು
  ಇಲ್ಲದಿದ್ದರೆ 1 + ದೊಡ್ಡದು(ಆಳ(ಎಡ), ಆಳ(ಬಲ)) ಕೊಡು

ಬ್ರಹ್ಮಾವರ, ತೆಕ್ಕಟ್ಟೆಗಳ ಕೆಳಗೆ ಏನೂ ಇಲ್ಲ, ಹಾಗಾಗಿ ಅವು 1 ಎನ್ನುತ್ತವೆ. ಸಾಲಿಗ್ರಾಮ ಅದಕ್ಕೆ ಒಂದು ಸೇರಿಸಿ 2 ಎನ್ನುತ್ತದೆ. ಆ ಕಡೆ ಮರವಂತೆಯೂ 2. ಕುಂದಾಪುರಕ್ಕೆ 3. ಯಾವ ನೋಡ್‌ಗೂ ಇಡೀ ಮರ ಗೊತ್ತಿರಬೇಕಿಲ್ಲ, ತನ್ನ ಎರಡು ಮಕ್ಕಳನ್ನು ಕೇಳಿದರೆ ಸಾಕು.

ಇಷ್ಟು ಗೊತ್ತಿದ್ದೂ ಲ್ಯಾಬ್ ಪರೀಕ್ಷೆಯಲ್ಲಿ ನಾವು ಮುಗ್ಗರಿಸಿದೆವು. ಚಿಕ್ಕ ಚಿಕ್ಕ ಮರಗಳಿಗೆಲ್ಲ ಉತ್ತರ ಸರಿ ಬಂತು. ಕೊನೆಯ ಇನ್‌ಪುಟ್‌ನಲ್ಲಿ 1ರಿಂದ 2000ದವರೆಗೆ ಏರಿಕೆ ಕ್ರಮದ ಸಂಖ್ಯೆಗಳು, ಅಂದರೆ ಆ ಬಸ್ಸಿನ ಮರವೇ. ಮರಕ್ಕೆ ಸೇರಿಸುವುದನ್ನು ಲೂಪ್‌ನಲ್ಲಿ ಬರೆದಿದ್ದೆವು, ಅದು ನಡೆಯಿತು. ಆಳ ಕೇಳಿದ ಕೂಡಲೇ ರಿಕರ್ಷನ್ ಎರರ್! ಪೈಥಾನ್ ಮಾಮೂಲಿಯಾಗಿ ಸುಮಾರು 1000 ಕರೆಗಳ ಆಚೆ ಬಿಡುವುದಿಲ್ಲ. ಹತ್ತು ನಿಮಿಷ ಬೇಸ್ ಕೇಸ್ ತಿದ್ದುತ್ತಾ ಕೂತೆವು. ತಪ್ಪು ಅಲ್ಲಿರಲೇ ಇಲ್ಲ.

ದಾರಿ ಇದು: ಒಂದು ಕ್ಯೂನಲ್ಲಿ ರೂಟ್ ಇಡಿ. ಈಗ ಕ್ಯೂನಲ್ಲಿ ಎಷ್ಟಿವೆಯೋ ಅಷ್ಟನ್ನೇ ತೆಗೆದು, ಅವುಗಳ ಮಕ್ಕಳನ್ನು ಸೇರಿಸಿ, ಎಣಿಕೆಗೆ ಒಂದು ಕೂಡಿಸಿ. ಕ್ಯೂ ಖಾಲಿಯಾಗುವ ತನಕ ಹೀಗೇ. ನಮ್ಮ ಬಸ್ಸಿನ ಮರದಲ್ಲಿ ಕ್ಯೂನಲ್ಲಿ ಒಂದಕ್ಕಿಂತ ಹೆಚ್ಚು ನೋಡ್ ನಿಲ್ಲುವುದೇ ಇಲ್ಲ.

ರೂಮಿಗೆ ಬಂದು ಅದೇ ಇನ್‌ಪುಟ್ ಹಾಕಿದೆವು. 2000 ಬಂತು. ಮಾರ್ಕ್ಸ್ ಬರಲಿಲ್ಲ.