ಈಮ್ಯಾಕ್ಸ್ ಒಳಗೇ ಕೋಡ್ ಓಡಿಸುವಾಗ

1985ರಲ್ಲಿ ಹೊರಬಂದ ಗ್ನೂ ಈಮ್ಯಾಕ್ಸ್ ಎಡಿಟರಿನ ಬಹುಭಾಗ ಈಮ್ಯಾಕ್ಸ್ ಲಿಸ್ಪ್‌ನಲ್ಲೇ ಬರೆದದ್ದು. ಅದರಲ್ಲಿ ಒಂದು ಸಾಲು ಟೈಪ್ ಮಾಡಿ ಓಡಿಸಿದರೆ, ಕೈಯಲ್ಲಿರುವ ಎಡಿಟರೇ ಆ ಕ್ಷಣ ಬದಲಾಗುತ್ತದೆ. ನನಗೆ ಇದಕ್ಕಿಂತ ಪ್ರಿಯವಾದ ಗುಣ ಬೇರೆ ಯಾವ ಎಡಿಟರ್‌ನಲ್ಲೂ ಸಿಕ್ಕಿಲ್ಲ. ಬಳಸುತ್ತಾ ಕಲಿತದ್ದು ಇಷ್ಟು:

1. ಚಿಕ್ಕ ತುಣುಕನ್ನೇ ಓಡಿಸಿ. ಮುಚ್ಚುವ ಬ್ರಾಕೆಟ್ ಆದ ಕೂಡಲೇ, ಅದರ ಬಲಕ್ಕೆ ಕರ್ಸರ್ ಇಟ್ಟು ಕಂಟ್ರೋಲ್-ಎಕ್ಸ್ ಕಂಟ್ರೋಲ್-ಇ ಒತ್ತಿದರೆ ಉತ್ತರ ಕೆಳಗೆ ಕಾಣುತ್ತದೆ. ಒಳಗಿನ ಬ್ರಾಕೆಟ್‌ನಿಂದ ಹೊರಕ್ಕೆ ಬರುತ್ತಾ ಹೋದರೆ ಲೆಕ್ಕ ಎಲ್ಲಿ ತಪ್ಪಿತೆಂದು ಗೊತ್ತಾಗುತ್ತದೆ. ಫಂಕ್ಷನ್‌ಗೆ ಹೊರಗಿನಿಂದ ಬರುವ ಬೆಲೆ ಬೇಕಿದ್ದರೆ ಇದು ಸಾಲದು. ಆಗ ಆ ಫಂಕ್ಷನ್ ಒಳಗೆ ಕರ್ಸರ್ ಇಟ್ಟು ಕಂಟ್ರೋಲ್-ಯು, ನಂತರ ಕಂಟ್ರೋಲ್-ಮೆಟಾ-ಎಕ್ಸ್ ಒತ್ತಿ. ಫಂಕ್ಷನ್ ಕರೆದಾಗ ಎಡಿಬಗ್ ಎಂಬ ಡಿಬಗರ್ ಹೆಜ್ಜೆಹೆಜ್ಜೆಗೂ ನಿಂತು ತೋರಿಸುತ್ತದೆ.

2. ಫೈಲ್‌ನಲ್ಲಿ ಇರುವುದು ಒಂದು, ಎಡಿಟರಿನ ನೆನಪಿನಲ್ಲಿರುವುದು ಇನ್ನೊಂದು. ಹೊಸಬರು ಗಂಟೆಗಟ್ಟಲೆ ಒದ್ದಾಡುವುದು ಇಲ್ಲೇ. ವೇರಿಯಬಲ್ ಘೋಷಿಸುವ ಡೆಫ್‌ವಾರ್‌ನಲ್ಲಿ ಬೆಲೆ ತಿದ್ದಿ ಇಡೀ ಬಫರ್ ಓಡಿಸಿದರೂ ಹಳೆಯ ಬೆಲೆಯೇ ಉಳಿಯುತ್ತದೆ, ಏಕೆಂದರೆ ಬೆಲೆ ಈಗಾಗಲೇ ಇರುವ ವೇರಿಯಬಲ್ ಅನ್ನು ಡೆಫ್‌ವಾರ್ ಮುಟ್ಟುವುದಿಲ್ಲ. ಅದೇ ಡೆಫ್‌ವಾರ್ ಮೇಲೆ ನಿಂತು ಕಂಟ್ರೋಲ್-ಮೆಟಾ-ಎಕ್ಸ್ ಒತ್ತಿದರೆ ಹೊಸ ಬೆಲೆ ಕೂರುತ್ತದೆ. ಫೈಲ್‌ನಿಂದ ಅಳಿಸಿದ ಫಂಕ್ಷನ್ನೂ ಹಾಗೆಯೇ, ನೆನಪಿನಲ್ಲಿ ಬದುಕಿದ್ದು ಕೆಲಸ ಮಾಡುತ್ತಲೇ ಇರುತ್ತದೆ. ಮುಂದಿನ ಸಲ ಈಮ್ಯಾಕ್ಸ್ ತೆರೆದಾಗಲೇ ಅದಿಲ್ಲವೆಂದು ತಿಳಿಯುವುದು.

3. ಹುಕ್‌ಗೆ, ಅಂದರೆ ಒಂದು ಘಟನೆಯಾದಾಗ ತಾವಾಗಿ ಓಡುವ ಫಂಕ್ಷನ್‌ಗಳ ಪಟ್ಟಿಗೆ, ಹೆಸರಿರುವ ಫಂಕ್ಷನ್ ಕೊಡಿ. ಹೆಸರಿಲ್ಲದ ಲ್ಯಾಂಬ್ಡಾ ಹಾಕಿ, ತಿದ್ದಿ, ಮತ್ತೆ ಓಡಿಸಿದರೆ ಹಳೆಯದು ಹೋಗದೆ ಹೊಸದು ಅದರ ಜೊತೆ ಸೇರಿಕೊಳ್ಳುತ್ತದೆ. ಎರಡೂ ಓಡುತ್ತವೆ.

4. ಉತ್ತರದ ಕೊನೆಯಲ್ಲಿ ಮೂರು ಚುಕ್ಕಿ ಕಂಡರೆ ಪಟ್ಟಿ ಅಷ್ಟೇ ಎಂದುಕೊಳ್ಳಬೇಡಿ. ತಾನಾಗಿ ತೋರಿಸುವುದು 12 ಅಂಶಗಳನ್ನು ಮಾತ್ರ.

5. ದಿನದ ಕೊನೆಗೆ ದೊಡ್ಡಕ್ಷರದ ಕ್ಯೂ ಆಯ್ಕೆ ಕೊಟ್ಟು ಇನ್ನೊಂದು ಈಮ್ಯಾಕ್ಸ್ ತೆರೆಯಿರಿ. ಅದು ನಿಮ್ಮ ಸೆಟ್ಟಿಂಗ್ ಏನನ್ನೂ ಓದುವುದಿಲ್ಲ. ಬರೆದ ಫೈಲ್ ಒಂದನ್ನೇ ಅಲ್ಲಿ ಲೋಡ್ ಮಾಡಿ. ಅಲ್ಲಿ ಓಡದ ಕೋಡ್ ಅನ್ನು ನಾನು ಯಾರಿಗೂ ಕಳಿಸುವುದಿಲ್ಲ.

6. ಟಿಪ್ಪಣಿಯ ಜೊತೆ ಕೋಡ್ ಕೂಡ ಇಡಬಹುದಾದ ಆರ್ಗ್ ಫೈಲ್ ಬೇರೆಯವರದಾಗಿದ್ದು, ಅದರ ಕೋಡ್ ಮೇಲೆ ಕಂಟ್ರೋಲ್-ಸಿ ಕಂಟ್ರೋಲ್-ಸಿ ಒತ್ತಿದಾಗ, ಓಡಿಸಲೇ ಎಂದು ಈಮ್ಯಾಕ್ಸ್ ಕೇಳುತ್ತದೆ. ಆ ಪ್ರಶ್ನೆಯನ್ನು ಕಾಯಂ ನಿಲ್ಲಿಸುವ ಸೆಟ್ಟಿಂಗ್ ಇದೆ. ದಯವಿಟ್ಟು ಹಾಕಬೇಡಿ. ನಿಮ್ಮ ಫೈಲ್‌ಗಳನ್ನು ಅಳಿಸಲು ನಿಮಗಿರುವಷ್ಟೇ ಅಧಿಕಾರ ಆ ಕೋಡ್‌ಗೂ ಇರುತ್ತದೆ.